ಬೋರಲು ಬಿದ್ದ ರೊಟ್ಟಿ

ಬಿಷ್ಕೆಕ್‌ನ ತನ್ನ ಖಾಲಿ ಮನೆಯನ್ನು ಬಾಡಿಗೆಗೆ ನೋಡಲು ಬಂದವರೆಲ್ಲರ ಮುಂದೆ ಉಲ್ಕಾನ್ ಅಜ್ಜಿ ಒಂದು ರೊಟ್ಟಿ ಇಡುತ್ತಿದ್ದಳು. ಗೋಡೆಯಾಚೆ ಮನೆಯ ಕಲೀಮಾ ಕರೆತಂದ ಅಧಿಕಾರಿ ಆ ರೊಟ್ಟಿಯ ಮೇಲೇ ಕಾರಿನ ಕೀಲಿ ಒಗೆದ. ಹೊರಡುವಾಗ ಕೀಲಿ ಎಳೆದ ರಭಸಕ್ಕೆ ರೊಟ್ಟಿ ಬೋರಲು ಬಿತ್ತು. ಒಂದು ಚೂರನ್ನೂ ಬಾಯಿಗಿಡದೆ ನಡೆದೇಬಿಟ್ಟ. ರೊಟ್ಟಿಯನ್ನು ಬೋರಲು ಬಿಡುವುದೂ, ಚೂರಾದರೂ ತಿನ್ನದೆ ಹೋಗುವುದೂ ಅಲ್ಲಿ ಅನ್ನಕ್ಕೆ ಮಾಡುವ ಅವಮಾನ.

ಆಮೇಲೆ ಕೂಸನ್ನೆತ್ತಿಕೊಂಡು ಬಂದ ಝೂರಾ ಮೊದಲು ರೊಟ್ಟಿಯನ್ನು ನೆಟ್ಟಗೆ ತಿರುಗಿಸಿಟ್ಟಳು. ಚೂರು ಮುರಿದು ತಿಂದ ಮೇಲೆಯೇ ಬಾಡಿಗೆ ಎಷ್ಟೆಂದು ಕೇಳಿದಳು.

"ಗಂಡನ್ನ ಬಿಟ್ಟವಳಿಗೆ ಮನೆ ಕೊಡ್ತೀಯಾ? ನಮ್ ಕಟ್ಟಡದ ಮರ್ಯಾದೆ ಏನಾಗ್ಬೇಕು?" ಎಂದು ಕಲೀಮಾ ರೇಗಿದಳು.

"ನಿನ್ ಸಾಹೇಬ ರೊಟ್ಟಿ ಬೋರಲು ಹಾಕಿ ಹೋದಾಗ ಎಲ್ಲಿತ್ತೇ ಆ ಮರ್ಯಾದೆ?"

"ಕೂಸು ಅತ್ರೆ ನಾನು ಗೋಡೆ ಬಡೀತೀನಿ, ನೋಡ್ಕೋ!"

ಅಜ್ಜಿ ಮನೆಯ ಕೀಲಿಯನ್ನು ಝೂರಾಳ ಕೈಗಿಟ್ಟಳು.

"ಬಡಿಯೇ. ನಿನ್ ಬಾಗಿಲು ಬಡಿಯೋಕೆ ನಾನು ಬರ್ತೀನಿ."