ಅಡುಗೆ ಕಟ್ಟೆಯ ಎತ್ತರ

"ಇದು ಕೆನೆ ಬಣ್ಣ, ಇದು ಬೆಣ್ಣೆ ಬಣ್ಣ, ಇದು ದಂತದ ಬಣ್ಣ" ಎನ್ನುತ್ತ ಬಡಗಿ ಊಟದ ಮೇಜಿನ ಮೇಲೆ ಮೂರು ಮೈಕಾ ತುಂಡುಗಳನ್ನು ಜೋಡಿಸಿಟ್ಟ. ಮೂರೂ ಒಂದೇ ಥರ ಕಾಣುತ್ತಿದ್ದವು. ಹಾಗೆಂದರೆ ಅವನಿಗೆ ಬೇಜಾರಾದೀತೆಂದು ಯಾರೂ ಬಾಯಿ ಬಿಡಲಿಲ್ಲ.

"ಅವಳನ್ನೇ ಕೇಳಿ" ಎಂದ ಗಂಡ. "ದಿನಾ ಅಲ್ಲಿ ನಿಲ್ಲೋಳು ಅವಳೇ ತಾನೆ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕಬೋರ್ಡಿಗೆ ಗಾಜಿನ ಬಾಗಿಲೋ ಮರದ್ದೋ? ಅವಳನ್ನು ಕೇಳಿ. ಹಿಡಿ ಉದ್ದದ್ದೋ ಗುಂಡನೆಯದೋ? ಅವಳನ್ನು ಕೇಳಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಷ್ಟೊಂದು ಅಧಿಕಾರ ಒಂದೇ ಮಧ್ಯಾಹ್ನ ಅವಳ ತಲೆಯ ಮೇಲೆ ಬಿದ್ದದ್ದು ಇದೇ ಮೊದಲು.

"ಯಾವುದಾದ್ರೂ ಆಗುತ್ತೆ" ಎಂದಳು. ಗಡಿಯಾರ ನೋಡಿದಳು. ನಾಲ್ಕೂ ಕಾಲು.

ಐದು ಗಂಟೆಯೊಳಗೆ ಅವಳು ಹೂಂ ಅಥವಾ ಊಹೂಂ ಎನ್ನಬೇಕಿತ್ತು. ಅವಳು ಕೆಲಸ ಮಾಡುವ ಆಸ್ಪತ್ರೆಯವರು ಇನ್ನೊಂದು ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿನ ರಕ್ತಪರೀಕ್ಷೆಯ ಲ್ಯಾಬಿಗೆ ಅವಳನ್ನೇ ಮುಖ್ಯಸ್ಥೆ ಮಾಡುವುದೆಂದು ಪತ್ರ ಕೊಟ್ಟಿದ್ದರು. ರೈಲಿನಲ್ಲಿ ಆರು ಗಂಟೆಯ ದಾರಿ. ಎರಡು ವರ್ಷ ಅಲ್ಲೇ ಇರಬೇಕು. ಹನ್ನೊಂದು ವರ್ಷ ಬೇರೆಯವರ ಸಹಿಗಾಗಿ ವರದಿ ಹಿಡಿದು ಬಾಗಿಲಲ್ಲಿ ಕಾದವಳಿಗೆ ಆ ಪತ್ರ ಕೈಗೆ ಬಂದಾಗ ಎಷ್ಟು ಸಂತೋಷವಾಗಿತ್ತೆಂದರೆ, ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಸುಮ್ಮಸುಮ್ಮನೆ ಕಿಟಕಿಯ ಸೀಟು ಬಿಟ್ಟುಕೊಟ್ಟಿದ್ದಳು.

ಒಂಬತ್ತು ದಿನದ ಹಿಂದಿನ ಮಾತು. ಆವತ್ತು ಮನೆಗೆ ಬಂದು, "ಒಂದು ವಿಷಯ ಹೇಳ್ಬೇಕಿತ್ತು" ಎಂದು ಶುರುಮಾಡಿದಳು. ಅತ್ತೆ, "ನಾನೂ ಒಂದು ಹೇಳ್ಬೇಕು" ಎಂದರು. ದೊಡ್ಡವರು ಮೊದಲು ಎಂದು ಅವಳು ಸುಮ್ಮನಾದಳು. ಮಾಡಿದ ತಪ್ಪೆಂದರೆ ಅದೊಂದೇ.

"ಅಡುಗೆಮನೆ ಪೂರ್ತಿ ಕೀಳಿಸಿ ಹೊಸದು ಮಾಡಿಸ್ತಿದ್ದೀವಿ" ಎಂದಿದ್ದರು ಅತ್ತೆ. "ನಿನಗೋಸ್ಕರ."

ಹಳೆಯ ಕಟ್ಟೆಯನ್ನು ಕಟ್ಟಿಸಿದ್ದು ಅತ್ತೆಯ ಅತ್ತೆ. ಆಕೆ ಕುಳ್ಳಿ, ಈ ಅತ್ತೆ ಎತ್ತರದ ಹೆಂಗಸು. ಮೂವತ್ತೆಂಟು ವರ್ಷ ಆ ಕಟ್ಟೆಗೆ ಬಗ್ಗಿ ಬಗ್ಗಿ ಈಗ ಸೊಂಟಕ್ಕೆ ಬೆಲ್ಟು ಬಿಗಿಯದೆ ಹತ್ತು ನಿಮಿಷವೂ ನಿಲ್ಲಲಾರರು. ಸೊಸೆಯೂ ಎತ್ತರದವಳೇ. ಅವಳು ಆಗಾಗ ಬೆನ್ನು ಹಿಡಿದುಕೊಳ್ಳುವುದನ್ನು ನೋಡಿ, ನನ್ನ ಪಾಡು ಇವಳಿಗೆ ಬೇಡ ಎಂದು ತೀರ್ಮಾನಿಸಿ, ಮೂರು ತಿಂಗಳು ಗುಟ್ಟಾಗಿ ಮಗನ ತಲೆ ತಿಂದಿದ್ದರು. ಅಂಥವರ ಮುಖದ ಮುಂದೆ ಪತ್ರ ತೆಗೆಯುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಹಳೆಯ ಕಬೋರ್ಡು ಕಿತ್ತರು, ನಾಡಿದ್ದು ಕಟ್ಟೆ ಒಡೆದರು. ಬಾಣಲೆಗಳು ಮಲಗುವ ಕೋಣೆಗೆ ಬಂದವು, ಒಲೆ ಬಾಲ್ಕನಿಗೆ ಹೋಯಿತು. ಪತ್ರ ಚೀಲದಲ್ಲೇ ಉಳಿಯಿತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

"ಬೆಣ್ಣೆ ಬಣ್ಣವೇ ಆಗ್ಲಿ" ಎಂದು ಅತ್ತೆ ಕೊನೆಗೆ ತಾವೇ ಬಗೆಹರಿಸಿದರು. "ಕಲೆ ಕಾಣಲ್ಲ."

ಬಡಗಿ ಬರೆದುಕೊಂಡ. ಅವನನ್ನು ಬೀದಿಯವರೆಲ್ಲ ಕರೆಯುವುದು ಮಿಲಿಮೀಟರ್ ಎಂದು. ಅಳತೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಅವನಿಗೆ ಅನ್ನ ಸೇರುವುದಿಲ್ಲ. "ಈ ಪ್ಲೈವುಡ್ಡು ಇಪ್ಪತ್ತೈದು ವರ್ಷ ಅಲ್ಲಾಡಲ್ಲ ಸಾರ್" ಎಂದ. "ಮೇಡಂ ಮತ್ತೆ ಈ ಕಡೆ ಯೋಚನೇನೇ ಮಾಡ್ಬೇಕಾಗಿಲ್ಲ."

ಇಪ್ಪತ್ತೈದು ವರ್ಷ! ಅವಳು ಮನಸ್ಸಿನಲ್ಲೇ ತನ್ನ ವಯಸ್ಸಿಗೆ ಅದನ್ನು ಕೂಡಿಸಿದಳು. ಅರವತ್ತನಾಲ್ಕು ಬಂತು.

"ಇನ್ನು ಎತ್ತರ" ಎಂದ ಮಿಲಿಮೀಟರ್. "ಅಡುಗೆ ಮಾಡೋರ ಮೊಣಕೈ ಅಳತೆ ತಗೊಂಡೇ ನಾನು ಹಲಗೆಗೆ ಗರಗಸ ಇಡೋದು. ಯಾರು ಮಾಡ್ತೀರಿ?"

"ಇದೇನು ಕೇಳೋದು?" ಗಂಡ ನಕ್ಕ.

"ಇವರ ಅಳತೆ ತಗೊಳ್ಳಿ" ಎಂದಳು ಅವಳು, ಗಂಡನ ಕಡೆ ಕೈ ತೋರಿಸಿ.

ಎಲ್ಲರೂ ನಕ್ಕರು. ಅತ್ತೆಗಂತೂ ನಕ್ಕು ನಕ್ಕು ಕೆಮ್ಮು ಬಂತು. "ಇವನ ಅಳತೆಗೆ ಕಟ್ಟಿಸಿದ್ರೆ ಆ ಕಟ್ಟೆ ಮೇಲೆ ನೀರಷ್ಟೇ ಕಾಯೋದು!"

"ತಮಾಷೆ ಅಲ್ಲ ಅತ್ತೆ. ನನಗೆ ಬೇರೆ ಊರಿಗೆ ಬಡ್ತಿ ಬಂದಿದೆ. ಎರಡು ವರ್ಷ. ಐದು ಗಂಟೆಯೊಳಗೆ ತಿಳಿಸ್ಬೇಕು. ನಾನು ಹೋಗ್ಬೇಕು ಅಂತಿದ್ದೀನಿ."

ನಗು ನಿಂತಿತು. ಮಿಲಿಮೀಟರ್ ಮೈಕಾ ತುಂಡುಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ.

"ಒಳ್ಳೇದೇ ಅಲ್ವಾ" ಎಂದ ಗಂಡ. "ಹೋಗ್ಬಾರದು ಅಂತೇನಿಲ್ಲ. ಹಾಗಂತ ಈಗಲೇ ಅಂತಲೂ ಅಲ್ಲ. ಅಮ್ಮನ ಸೊಂಟ ಬೇರೆ. ಮುಂದಿನ ವರ್ಷ ಮತ್ತೆ ಕೇಳ್ತಾರಲ್ಲ?"

"ಕೇಳಲ್ಲ."

"ಕೇಳ್ತಾರೆ ಬಿಡು. ನೋಡೋಣ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನದು ಪಳಗಿದ ಕೈ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಬೆಲ್ಟು ಸಡಿಲಿಸಿ ಕುರ್ಚಿಯಲ್ಲಿ ಕೂತರು.

"ನಮ್ಮತ್ತೆ ಆಗಿದ್ರೆ ಕಾಲು ಮುರಿದು ಕೂರಿಸ್ತಿದ್ರು. ನಾನು ಹಾಗೆ ಅನ್ನಲ್ಲ" ಎಂದರು ಮೆಲ್ಲಗೆ. "ಹೋಗಮ್ಮ. ಓದಿದೋಳು, ನಿನ್ನ ಇಷ್ಟ. ಎರಡು ವರ್ಷ ತಾನೆ? ಬಗ್ಗಿದ ಸೊಂಟ, ಬೆಲ್ಟು ಬಿಗಿದು ಇನ್ನೆರಡು ವರ್ಷ ನಿಲ್ಲುತ್ತೆ. ಕಟ್ಟೆ ಮಾತ್ರ ನಿನ್ನ ಎತ್ತರಕ್ಕೇ ಇರ್ಲಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ತೊಂದರೆ. ಒಬ್ಬರಾದರೂ ಗದರಿದ್ದರೆ ಜಗಳವಾಡಿ, ಬಾಗಿಲು ಬಡಿದು, ಪೆಟ್ಟಿಗೆ ಕಟ್ಟಬಹುದಿತ್ತು. ಇಷ್ಟು ಒಳ್ಳೆಯವರ ಮೇಲೆ ಅವಳಿಗೆ ಉಕ್ಕಿದ ಸಿಟ್ಟನ್ನು ಕಂಡು ಅವಳಿಗೇ ನಾಚಿಕೆಯಾಯಿತು.

ಗಂಡ ಎದ್ದು ಫ್ಯಾನು ಜೋರು ಮಾಡಿದ.

"ಮೇಡಂ" ಎಂದು, ಅಷ್ಟರಲ್ಲಿ ಅಡುಗೆಮನೆಗೆ ಜಾರಿಕೊಂಡಿದ್ದ ಮಿಲಿಮೀಟರ್ ಒಳಗಿನಿಂದ ಕರೆದ. "ಬೆಳಕಿರೋವಾಗಲೇ ಗೆರೆ ಹಾಕ್ಬಿಡ್ತೀನಿ. ಎರಡೇ ನಿಮಿಷ."

ಫೋನನ್ನು ಮೇಜಿನ ಮೇಲೆ ಬಿಟ್ಟು ಅವಳು ಒಳಗೆ ಹೋದಳು. ಖಾಲಿ ಅಡುಗೆಮನೆಯಲ್ಲಿ ಹೆಜ್ಜೆಯ ಸದ್ದು ದೊಡ್ಡದಾಗಿ ಕೇಳಿತು.

"ಚಪ್ಪಲಿ ಬಿಡಿ. ಗೋಡೆಗೆ ಒರಗಬೇಡಿ. ತರಕಾರಿ ಹೆಚ್ಚೋ ಹಾಗೆ ಕೈ ಮಡಚಿ. ಹಾಂ, ಹಾಗೆ." ಅವನು ಟೇಪಿನ ತುದಿಯನ್ನು ಅವಳ ಕಾಲ ಬಳಿ ಇಟ್ಟ. "ಇದು ಜಾರುತ್ತೆ. ಹಿಮ್ಮಡಿಯಲ್ಲಿ ಒತ್ತಿ ಹಿಡ್ಕೊಳ್ಳಿ."

ತಗಡು ತಣ್ಣಗಿತ್ತು. ಅವಳು ಹಿಮ್ಮಡಿ ಊರಿದಳು. ಟೇಪು ಮೊಣಕೈವರೆಗೆ ಏರಿತು.

ಹೊರಗೆ ಫೋನು ಬಡಿದುಕೊಳ್ಳತೊಡಗಿತು.

"ನಿಮ್ಮ ಆಸ್ಪತ್ರೆಯಿಂದ!" ಗಂಡ ಕೂಗಿದ. "ತಂದುಕೊಡ್ಲಾ?"

"ಅಲ್ಲಾಡಬೇಡಿ ಮೇಡಂ."

ಫೋನು ಪೂರ್ತಿ ಬಡಿದುಕೊಂಡು ತಾನಾಗಿಯೇ ನಿಂತಿತು. ಮಿಲಿಮೀಟರ್ ಗೋಡೆಯ ಮೇಲೆ ಸಣ್ಣ ಗೆರೆ ಎಳೆದು, ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸಿದ.

"ಇನ್ನೊಂದು ಸಲ ಅಳೀತೀನಿ" ಎಂದ. "ತುದಿ ಸ್ವಲ್ಪ ಸರಿದ ಹಾಗಿದೆ."

ಟೇಪು ಮತ್ತೆ ಮೇಲೇರಿತು. ಅವಳು ಈ ಸಲ ಹಿಮ್ಮಡಿಯನ್ನು ಇನ್ನಷ್ಟು ಬಲವಾಗಿ ಒತ್ತಿ ನಿಂತಳು.