ಮಾತಿಲ್ಲದ ಬೋಗಿ

ಡಾಗ್ನಿಯ ತೊಡೆಯ ಮೇಲಿದ್ದ ಫೋನು ಗೊರ್ರೆಂದು ನಡುಗಿತು. ಎದುರು ಸೀಟಿನಲ್ಲಿ ಹೆಣಿಗೆ ಹಾಕುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ. ಕಣ್ಣನ್ನು ಮಾತ್ರ ಎತ್ತಿ, ರೈಲಿನ ಕಿಟಕಿಗಂಟಿಸಿದ್ದ ಚಿತ್ರ ನೋಡಿದಳು. ತುಟಿಯ ಮೇಲೆ ಬೆರಳಿಟ್ಟ ಮುಖ. ಅಷ್ಟೇ ಸಾಕಾಯಿತು. ಡಾಗ್ನಿಯ ಹೆಬ್ಬೆರಳು ಯಾರಪ್ಪಣೆಗೂ ಕಾಯದೆ ಕರೆಯನ್ನು ಕತ್ತರಿಸಿತು.

ಕತ್ತರಿಸಿದ ಮೇಲೆ ಪರದೆ ನೋಡಿದಳು. ನಂಬರೇ ಇಲ್ಲದ ಕರೆ. ಹೀಗೆ ನಂಬರು ಮುಚ್ಚಿಕೊಂಡು ಫೋನು ಮಾಡುವವರು ಆಸ್ಪತ್ರೆಯವರು. ಪಕ್ಕದಲ್ಲಿದ್ದ ಗಂಡ ಆಲ್ವಾರ್ ಪುಸ್ತಕ ಮಡಿಸಿ ಅವಳನ್ನೇ ನೋಡುತ್ತಿದ್ದ. ಫೋನು ಅವನದು, ಅದಕ್ಕೆ ಬರುವ ಮಾತಷ್ಟೇ ಈಗ ಅವಳದು.

ಆಲ್ವಾರ್ ಕಿವಿಯಲ್ಲಿ ಕೇಳುವ ಪುಸ್ತಕಗಳಿಗೆ ದನಿ ಕೊಡುವವನು. ಒಂದೇ ಕಾದಂಬರಿಯಲ್ಲಿ ಪಾದ್ರಿಯಾಗಿ ಕೆಮ್ಮಿ, ಅತ್ತೆಯಾಗಿ ಕೊಂಕಾಡಿ, ನರಿಯಾಗಿ ಊಳಿಡುತ್ತಿದ್ದ. ಅವರ ಮನೆಯಲ್ಲಿ ದನಿಯೇ ಧಣಿ. ಆ ಧಣಿಗೆ ಚಳಿಗಾಲದಲ್ಲಿ ಹಿಡಿದ ಗೊಗ್ಗರು ಬಿಡಲೇ ಇಲ್ಲ. ಗಂಟಲೊಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಬರುವವರೆಗೆ ಮಾತಿರಲಿ, ಪಿಸುಗುಟ್ಟುವುದೂ ಕೂಡದು ಎಂದು ಡಾಕ್ಟರು ಹೇಳಿದ್ದರಿಂದಲೇ ಈ ವಸಂತದ ರಜೆಯ ತಿರುಗಾಟ. ಮಾತಾಡದಿದ್ದರೆ ಯಾರೂ ತಪ್ಪು ತಿಳಿಯದ ಜಾಗಗಳನ್ನೇ ಆಲ್ವಾರ್ ಆರಿಸಿದ್ದ: ಗೋಥೆನ್‌ಬರ್ಗಿನ ಹಳೇ ಪುಸ್ತಕದಂಗಡಿಗಳು, ಲುಂಡ್‌ನ ಬಳ್ಳಿ ಹಬ್ಬಿದ ಗ್ರಂಥಾಲಯ, ನಡುನಡುವೆ ರೈಲಿನಲ್ಲಿ ಮಾತು, ಫೋನು ಕೂಡದ ಈ ಸದ್ದಿಲ್ಲದ ಬೋಗಿ. ಗೋಥೆನ್‌ಬರ್ಗಿನ ಅಂಗಡಿಯವನು, "ನಿಮ್ಮ ಯಜಮಾನ್ರು ಬಹಳ ಗಂಭೀರ ಮನುಷ್ಯರು," ಎಂದಾಗ ಆಲ್ವಾರ್ ಅವನ ಬೆನ್ನ ಹಿಂದೆ ಅವನದೇ ಗದ್ದ, ಅವನದೇ ನಡಿಗೆ ಮಾಡಿ ತೋರಿಸಿದ್ದ. ಸದ್ದು ಮಾತ್ರ ಇರಲಿಲ್ಲ.

ಇನ್ನುಳಿದಿದ್ದು ಉಪ್ಸಾಲ. ಇವತ್ತು ಸಂಜೆ ಅಲ್ಲಿ ವಸಂತವನ್ನು ಬರಮಾಡಿಕೊಳ್ಳುವ ಹಬ್ಬದ ಬೆಂಕಿ ಹಚ್ಚುತ್ತಾರೆ. ನಾಳೆ ಮೇ ಒಂದು, ರಜೆ. ಆಮೇಲೆ ಶನಿವಾರ, ಭಾನುವಾರ. ಇವತ್ತು ಮಧ್ಯಾಹ್ನದೊಳಗೆ ಸಿಕ್ಕದ ಡಾಕ್ಟರು ಸೋಮವಾರದವರೆಗೆ ಸಿಕ್ಕುವುದಿಲ್ಲ.

ಡಾಗ್ನಿ ಎದ್ದು ಬಾಗಿಲಾಚೆ, ಎರಡು ಬೋಗಿಗಳ ನಡುವಿನ ಓಣಿಯಲ್ಲಿ ನಿಂತು ಆಸ್ಪತ್ರೆಗೆ ಫೋನು ಮಾಡಿದಳು. ಯಂತ್ರದ ಹೆಂಗಸು ಜೇನು ಸುರಿಸುತ್ತಾ, ಇಂದು ತಿರುಗಿ ಕರೆಯುವ ಸರದಿಗಳೆಲ್ಲ ಭರ್ತಿಯಾಗಿವೆ, ಒಳ್ಳೆಯ ದಿನವಾಗಲಿ, ಎಂದಳು. ಅಷ್ಟರಲ್ಲಿ ಲೈನೂ ಕಡಿಯಿತು.

"ಇಲ್ಲಿ ಸಿಗ್ನಲ್ ಬರಲ್ಲ ಮೇಡಂ," ಎಂದ ಅತ್ತ ಬಂದ ಟಿಕೆಟ್ ಪರೀಕ್ಷಕ. "ಇದು ಬರೀ ತಗಡಿನ ಡಬ್ಬ. ಒಳಗೆ ಕಿಟಕಿ ಪಕ್ಕ ಆದ್ರೆ ಒಂದಿಷ್ಟು ಸಿಗತ್ತೆ."

"ಆಸ್ಪತ್ರೆ ಫೋನು, ಅಲ್ಲಿ ಮಾತಾಡೋ ಹಾಗಿಲ್ವಲ್ಲ."

"ಹೌದು, ಹಾಗಿಲ್ಲ," ಎಂದು ಅವನು ಮರುಕದಿಂದ ಒಪ್ಪಿಕೊಂಡ. "ಆಸ್ಪತ್ರೆಯೋರಾ? ಇನ್ನೊಂದ್ಸಲ ಮಾಡ್ತಾರೆ. ನನ್ನ ಮಂಡಿ ವಿಷ್ಯಕ್ಕೆ ಮಾಡಿದ್ರು. ಮೂರನೇ ಸಲ ಮಾತ್ರ ಮಾಡಲ್ಲ."

ಡಾಗ್ನಿ ಮರಳಿ ಬಂದು ಆಲ್ವಾರನ ಕಿವಿಗೆ ಬಾಗಿದಳು. "ಇನ್ನೊಂದ್ಸಲ ಮಾಡ್ತಾರಂತೆ ಕಣೋ."

"ಶ್," ಎಂದಳು ಮುದುಕಿ.

"ಅಮ್ಮಾ, ಆಸ್ಪತ್ರೆಯಿಂದ ಫೋನು ಬರೋದಿದೆ."

"ಎಲ್ರಿಗೂ ಏನೋ ಒಂದು ಬರೋದಿರತ್ತಮ್ಮ. ಸದ್ದು ಬೇಡಾಂತಲೇ ನಾನು ಈ ಬೋಗಿ ಹತ್ತಿದ್ದು."

ಡಾಗ್ನಿ ಕಿಟಕಿಯ ಪಕ್ಕಕ್ಕೆ ಸರಿದು ಕೂತಳು. ಹೊರಗೆ ಪೈನ್ ಕಾಡು ಮುಗಿಯುತ್ತಲೇ ಇರಲಿಲ್ಲ. ಸಿಗ್ನಲ್ಲಿನ ಗೀಟುಗಳು ಒಂದಾಗಿ, ಎರಡಾಗಿ, ಪೂರಾ ಅಳಿಸಿಹೋಗಿ, ಮತ್ತೆ ಒಂದಾದವು. ಆಲ್ವಾರ್ ಪುಸ್ತಕ ತೆರೆದಿದ್ದ. ಪುಟ ಮಗುಚಿರಲಿಲ್ಲ.

ಫೋನು ಮತ್ತೆ ನಡುಗಿತು. ಈ ಸಲ ಡಾಗ್ನಿ ಯಾರ ಕಣ್ಣನ್ನೂ ನೋಡಲಿಲ್ಲ. ಹಣೆಯನ್ನು ಕಿಟಕಿಗೆ ಒತ್ತಿ, "ಹಲೋ," ಎಂದಳು.

"ಆಲ್ವಾರ್ ಅವರ ಫೋನಲ್ವಾ?" ಗಂಡು ದನಿ. ಡಾಕ್ಟರೇ.

"ಹೌದು. ನಾನು ಅವರ ಹೆಂಡತಿ, ಹೇಳಿ."

"ಕ್ಷಮಿಸಿ, ನಿಮಗೆ ಹೇಳೋಕೆ ಬರಲ್ಲ. ಅವರ ಕೈಲೇ ಮಾತಾಡ್ಬೇಕು."

"ಮಾತಾಡ್ಬೇಡಿ ಅಂದೋರು ನೀವೇ."

"ಗೊತ್ತು. ಹೂಂ, ಉಹೂಂ ಅಂದ್ರೂ ಸಾಕು. ನನ್ನ ಪಾಳಿ ಮುಗೀತಾ ಬಂತು. ಇಲ್ದಿದ್ರೆ ಸೋಮವಾರ ನೋಡೋಣ."

ಆಲ್ವಾರ್ ಫೋನಿಗೆ ಕೈ ಚಾಚಿದ. ಮಾತಾಡಲೆಂದೇ ಬಾಯಿ ತೆರೆದ. ಡಾಗ್ನಿ ಅವನ ಕೈಯನ್ನು ಮೆಲ್ಲನೆ ಬದಿಗೆ ಸರಿಸಿದಳು.

"ಒಂದ್ನಿಮಿಷ, ಕೊಡ್ತೀನಿ," ಎಂದು ಫೋನನ್ನು ಬಲಗಿವಿಯಿಂದ ಎಡಗಿವಿಗೆ ದಾಟಿಸಿದಳು.

ಮದುವೆಯಾದಂದಿನಿಂದ ಅಣಕಿಸುವುದು ಅವನ ಪಾಲು, ನಗುವುದು ಅವಳ ಪಾಲು. ಇವಳು ಯಾರನ್ನೂ ಅಣಕಿಸಿದವಳಲ್ಲ. ಈಗ ಗದ್ದವನ್ನು ಎದೆಗೊತ್ತಿಕೊಂಡು, "ಆಲ್ವಾರ್," ಎಂದಳು.

ಆಲ್ವಾರ್ ಗಾಬರಿಯಿಂದ ಅಂಗೈಯನ್ನು ಕೆಳಗೊತ್ತಿದ. ಇಳಿಸು, ಇನ್ನೂ ಇಳಿಸು.

"ಆಲ್ವಾರ್ ಮಾತಾಡ್ತಿರೋದು," ಎಂದಳು ಅವಳು ಇನ್ನೂ ತಗ್ಗಿದ ದನಿಯಲ್ಲಿ, ಕೊನೆಗೆ ಅವನಂತೆಯೇ ಚೂರು ರಾಗ ಎಳೆದು.

"ಪರವಾಗಿಲ್ವೇ, ನಾನಂದ್ಕೊಂಡಿದ್ದಕ್ಕಿಂತ ದನಿ ವಾಸಿ ಇದೆ. ಆದ್ರೂ ಇಷ್ಟೊಂದು ಮಾತಾಡ್ಬೇಡಿ ಅಂದಿದ್ನಲ್ಲ?"

"ತಲೆ ಆಡಿಸಿದ್ರೆ ನಿಮಗೆ ಕೇಳಿಸತ್ತಾ ಡಾಕ್ಟ್ರೇ?"

ಅದು ಆಲ್ವಾರ್ ಆಡುವ ಮಾತೇ. ಸದ್ದಿಲ್ಲದ ನಗೆಗೆ ಅವನ ಭುಜಗಳು ಕುಲುಕಿದವು. ಮುದುಕಿಯ ಹೆಣಿಗೆ ಕಡ್ಡಿಗಳು ನಿಂತಿದ್ದವು. ಬೋಗಿಯ ಅಷ್ಟೂ ಜನ ತಮ್ಮ ತಮ್ಮ ಪುಸ್ತಕದಲ್ಲಿ ಮುಖ ಹುದುಗಿಸಿ, ಇವಳನ್ನೇ ಕೇಳುತ್ತಿದ್ದರು.

ಡಾಕ್ಟರು ಹೇಳತೊಡಗಿದರು. ಡಾಗ್ನಿ ಗಂಡನ ದನಿಯಲ್ಲಿ "ಹೂಂ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೂಂ." ಅದು ಕ್ಯಾನ್ಸರೇ. ಬೇಗ ಸಿಕ್ಕಿದೆ, ಜೀವಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಸ್ವರತಂತುವನ್ನು ಬಹುಪಾಲು ತೆಗೆಯಬೇಕು. ಕಾಯುವುದು ಬೇಡ.

ಆಲ್ವಾರ್ ಈಗ ಕೈ ಆಡಿಸುತ್ತಿರಲಿಲ್ಲ. ಅವಳ ಬಾಯನ್ನೇ ನೋಡುತ್ತಿದ್ದ.

"ಮತ್ತೆ," ಎಂದಳು. ದನಿ ಮೇಲಕ್ಕೆ ಜಾರಿತು, ಹಿಡಿದು ಇಳಿಸಿದಳು. "ಮತ್ತೆ ನಾನು ಪುಸ್ತಕ ಓದೋದು?"

ಆ ಕಡೆ ಡಾಕ್ಟರು ಉಸಿರೆಳೆದುಕೊಂಡದ್ದು ಕೇಳಿಸಿತು. "ಮಾತಾಡ್ತೀರಿ. ಮನೇಲಿ, ಅಂಗಡೀಲಿ, ಎಲ್ಲ ಕಡೆ. ಆದ್ರೆ ಈಗಿನ ಈ ದನಿ ಇರಲ್ಲ, ಆಲ್ವಾರ್. ಬೇರೆಯವರಿಗೆ ಓದಿ ಹೇಳೋ ಅಂಥ ದನಿ ಉಳಿಯಲ್ಲ."

"ಆಗಲಿ," ಎಂದಳು ಅವನಾಗಿ. "ಥ್ಯಾಂಕ್ಸ್, ಡಾಕ್ಟ್ರೇ."

ಫೋನು ತೊಡೆಗೆ ಇಳಿಯಿತು. ಯಾರೂ ಶ್ ಎನ್ನಲಿಲ್ಲ. ಕಾಡು ಹಿಂದಾಗಿ, ಈಗಷ್ಟೇ ಮಂಜುಗಡ್ಡೆ ಕರಗಿದ ಕೆರೆಯೊಂದು ಕಿಟಕಿಯುದ್ದಕ್ಕೂ ಬಿಚ್ಚಿಕೊಂಡಿತು.

ಡಾಗ್ನಿ ಬಾಯಿ ತೆರೆದಳು. ಯಾರ ದನಿಯಲ್ಲಿ ಹೇಳಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಜೀವಕ್ಕೆ ಏನೂ ಆಗಲ್ಲಂತೆ ಕಣೋ," ಎಂದು ತನ್ನದೇ ಸಣ್ಣ ದನಿಯಲ್ಲಿ ಶುರುಮಾಡಿದಳು. ಮುಂದಿನದಕ್ಕೆ ತಡೆದಳು.

ಆಲ್ವಾರ್ ಕಣ್ಣು ಮುಚ್ಚಿಕೊಂಡ. ಎರಡು ಬೆರಳುಗಳನ್ನು ಅವಳ ಗಂಟಲಿನ ಮೇಲಿಟ್ಟು, ಅವಳು ಹೇಳುವುದನ್ನೆಲ್ಲ ಅಲ್ಲಿ ಮುಟ್ಟಿ ಕೇಳುತ್ತಾ ಕೂತ.