ರಾತ್ರಿ ಪಾಳಿಯ ಕರೆಂಟು

ಉಪ್ಸಾಲಾ ವಿಶ್ವವಿದ್ಯಾಲಯ, ೨೦೦೭. ಪರದೆಯ ಮೇಲೆ ಪಂಪ್‌ಸೆಟ್ಟುಗಳ ವಿದ್ಯುತ್ ಬಳಕೆಯ ಗೆರೆ ರಾತ್ರಿ ಎರಡು ಗಂಟೆಗೆ ನೆತ್ತಿಗೇರಿತ್ತು.

"ನಿಮ್ಮ ರೈತರು ರಾತ್ರಿಯೇ ನೀರು ಹಾಯಿಸಲು ಇಷ್ಟಪಡುತ್ತಾರೆ. ಸೋಲಾರ್ ಪಂಪು ಅವರಿಗೇಕೆ?" ಎಂದರು ಪ್ರೊಫೆಸರ್ ಲಿಂಡ್. ಬೆಂಗಳೂರಿನಿಂದ ಬಂದಿದ್ದ ವಿದ್ಯುತ್ ಅಧಿಕಾರಿ ಹೆಬ್ಬಾರರು ತಲೆಯಾಡಿಸಿದರು. ಫಿಕಾ ಎಂಬ ಈ ಸ್ವೀಡಿಷ್ ಕಾಫಿ ವಿರಾಮ ಮುಗಿದರೆ ಸೋಲಾರ್ ಯೋಜನೆಯೂ ಮುಗಿದಂತೆ.

ಹೆಬ್ಬಾರರ ಕಚೇರಿಯಿಂದಲೇ ರಜೆ ಪಡೆದು ಇಲ್ಲಿ ಓದುತ್ತಿದ್ದ ಮೇದಿನಿಗೆ ಮೈಯೆಲ್ಲ ಉರಿಯಿತು. ಹಳ್ಳಿಗಳಿಗೆ ಪಂಪು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಕೊಡುವುದೇ ರಾತ್ರಿ. ಜನ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾರೆ, ಕರೆಂಟು ಬಂದಾಗ ಪಂಪು ತಾನಾಗಿ ಓಡುತ್ತದೆ. ಹೆಬ್ಬಾರರಿಗೆ ಇದು ಗೊತ್ತಿಲ್ಲವೇ?

"ಸರ್, ನೀವಾದ್ರೂ ಹೇಳಿ," ಎಂದು ಪಿಸುಗುಟ್ಟಿದಳು.

"ಸುಮ್ನಿರಮ್ಮ. ನಾಳೆ ವಾಪಸ್ ಬಂದು ನನ್ ಕೈಕೆಳಗೇ ಕೆಲಸ ಮಾಡ್ಬೇಕು ನೀನು."

ಆದರೂ ಅವಳು ಎದ್ದು ನಿಂತಳು. "ಪ್ರೊಫೆಸರ್, ನಾನು ಬಟ್ಟೆ ಒಗೆಯುವುದು ಭಾನುವಾರ ಬೆಳಗಿನ ಏಳಕ್ಕೆ. ನನಗೆ ಆ ಹೊತ್ತು ಇಷ್ಟ ಅಂತಲೇ?"

ಲಿಂಡ್ ನಕ್ಕರು. "ಇಲ್ಲ, ನಿಮ್ಮ ಕಟ್ಟಡದ ಸಾಮೂಹಿಕ ಲಾಂಡ್ರಿಯಲ್ಲಿ ನಿಮಗೆ ಸಿಕ್ಕ ಪಾಳಿ ಅದು."

"ರೈತರದ್ದೂ ಅಷ್ಟೇ."

ನಗು ಅಲ್ಲಿಗೇ ನಿಂತಿತು. ಲಿಂಡ್ ಗೆರೆಯನ್ನು ಮತ್ತೊಮ್ಮೆ ನೋಡಿ, ಕಪ್ಪು ಕೆಳಗಿಟ್ಟು, ಹೆಬ್ಬಾರರತ್ತ ತಿರುಗಿದರು.

"ಅಲ್ಲಿ ಪಾಳಿ ಹಂಚುವವರು ಯಾರು?"